ಅರ್ಧ ಬೆಲೆಯ ಪಾಸು

ನಮ್ಮ ಬಳಗದ ವಾಟ್ಸಾಪ್ ಗುಂಪಿನಲ್ಲಿ ಕನ್ನಡ ಲಿಪಿಯಲ್ಲಿ, ಪೂರ್ಣ ವಾಕ್ಯಗಳಲ್ಲಿ ಮಾತ್ರ ಬರೆಯಬೇಕೆಂಬುದು ದೊಡ್ಡಪ್ಪನವರು ಹಾಕಿಕೊಟ್ಟ ಕಟ್ಟಳೆ. ಹಾಗಾಗಿ ಇಲ್ಲಿ ಜಗಳವೂ ಮನವಿ ಪತ್ರದ ಭಾಷೆಯಲ್ಲೇ ನಡೆಯುತ್ತದೆ. 2025ರ ನವೆಂಬರ್‌ನಲ್ಲಿ ಸ್ಕೀ ಸೀಸನ್ ಪಾಸಿನ, ಅಂದರೆ ಒಮ್ಮೆ ಹಣ ಕಟ್ಟಿ ಚಳಿಗಾಲವಿಡೀ ಹಿಮದ ಬೆಟ್ಟಗಳಲ್ಲಿ ಜಾರಾಡಲು ಪಡೆಯುವ ಪರವಾನಗಿಯ ಬಗ್ಗೆ ನಡೆದ ಚರ್ಚೆಯನ್ನು, ನಡುನಡುವೆ ಬಂದ ಶುಭೋದಯದ ಹೂಗಳನ್ನು ಕಿತ್ತುಹಾಕಿ, ಕೆಳಗೆ ಕೊಟ್ಟಿದ್ದೇನೆ. ಅಮೆರಿಕದಲ್ಲಿರುವ ನಮ್ಮವರನ್ನು ಊರಿನ ಹೆಸರು ಸೇರಿಸಿ ಕರೆಯುವುದು ನಮ್ಮಲ್ಲಿ ರೂಢಿ.

ಡೆನ್ವರ್ ಭಾವ (ಹಲವು ಬಾರಿ ಫಾರ್ವರ್ಡ್ ಆದದ್ದು): ಸ್ಕೀ ಪ್ರಿಯರ ಗಮನಕ್ಕೆ! ದೊಡ್ಡ ಕಂಪನಿಗಳು ಈ ವರ್ಷ ಪಾಸುಗಳನ್ನು ಮಾರಲಾಗದೆ ಒದ್ದಾಡುತ್ತಿವೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಕೂಡಲೇ ಎಲ್ಲವೂ ಅರ್ಧ ಬೆಲೆಗೆ ಸಿಗಲಿವೆ. ಈಗಾಗಲೇ ಕೊಂಡವರು ಮೋಸ ಹೋದಂತೆ. ನಿಮ್ಮ ಆತ್ಮೀಯರಿಗೆಲ್ಲ ತಿಳಿಸಿ.

ಡೆನ್ವರ್ ಭಾವ: ಏಪ್ರಿಲ್‌ನಿಂದ ನಾನು ಹೇಳುತ್ತಾ ಬಂದಿರುವುದು ಇದನ್ನೇ. ಹಿಮ ಕರಗುವ ಹೊತ್ತಿನಲ್ಲಿ ಮುಂದಿನ ವರ್ಷದ ಹಿಮಕ್ಕೆ ಹಣ ಕಟ್ಟುವ ಅವಸರ ಬೇಡವೆಂದಾಗ ನಕ್ಕವರು ಈಗ ಈ ಸಂದೇಶವನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ. ತಾಳಿದವನು ಬಾಳಿಯಾನು.

ಎರಡು ಸಲ ಇರಲಿ, ಒಂದು ಸಲವಾದರೂ ಪೂರ್ತಿ ಓದಿದವಳು ಬೋಸ್ಟನ್ ತಂಗಿಯೊಬ್ಬಳೇ ಎಂಬುದು ನನ್ನ ಅನುಮಾನ.

ಬೋಸ್ಟನ್ ತಂಗಿ: ಭಾವ, ಇದನ್ನು ಹೇಳಿದವರು ಯಾರು? ಇದರಲ್ಲಿ ಕಂಪನಿಯ ಹೆಸರಿಲ್ಲ, ದಿನಾಂಕವಿಲ್ಲ. ಸ್ಕೀ ಬೆಟ್ಟಗಳನ್ನು ನಡೆಸುವ ವೇಲ್ ರೆಸಾರ್ಟ್ಸ್‌ನವರ ಎಪಿಕ್ ಪಾಸೋ, ಅವರ ಎದುರಾಳಿ ಆಲ್ಟೆರಾದವರ ಐಕಾನ್ ಪಾಸೋ ಎಂಬುದೂ ಇಲ್ಲ. ಎರಡರ ಬೆಲೆಯೂ ವಸಂತದಲ್ಲಿ ಅತಿ ಕಡಿಮೆಯಿದ್ದು, ಚಳಿಗಾಲ ಹತ್ತಿರವಾದಂತೆ ಹಂತ ಹಂತವಾಗಿ ಏರುತ್ತದೆ. ಡಿಸೆಂಬರ್ ಬಂದ ಮೇಲೆ ಬೆಲೆ ಅರ್ಧವಾಗುವ ಮಾತು ಹಾಗಿರಲಿ, ಆ ತಿಂಗಳು ಅರ್ಧ ಕಳೆಯುವುದರೊಳಗೆ ಮಾರಾಟವೇ ನಿಂತುಹೋಗುತ್ತದೆ. ನಿಮ್ಮಲ್ಲಿ ಆಧಾರವಿದ್ದರೆ ದಯವಿಟ್ಟು ಕಳುಹಿಸಿ.

ಡೆನ್ವರ್ ಭಾವ: ಆಧಾರ ಬೇಕಾದರೆ ಸಂದೇಶದ ನೆತ್ತಿಯ ಮೇಲೆ ಏನಿದೆಯೆಂದು ನೋಡು. ಇಷ್ಟು ಜನ ಹಂಚಿಕೊಂಡಿದ್ದಾರೆ. ಅವರೆಲ್ಲರೂ ಸುಳ್ಳರು, ನೀನೊಬ್ಬಳೇ ಸತ್ಯವಂತೆಯೇ?

ದೊಡ್ಡಪ್ಪ: ಮಕ್ಕಳೇ, ದನಿ ಏರಿಸಬೇಡಿ. ಪಾಸು ಅಗ್ಗವೋ ದುಬಾರಿಯೋ ಎಂಬುದು ನನ್ನ ಚಿಂತೆಯಲ್ಲ. ಇನ್ನೂ ಬೀಳದ ಹಿಮಕ್ಕೆ ಏಳೆಂಟು ತಿಂಗಳು ಮೊದಲೇ ಹಣ ಕೊಡುವುದೆಂದರೆ ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ. ಆಸೆಯನ್ನು ಕಂತಿನಲ್ಲಿ ಕೊಳ್ಳುವ ಈ ಅಭ್ಯಾಸವೇ ನಿಮ್ಮೆಲ್ಲರ ನೆಮ್ಮದಿಯನ್ನು ಕೆಡಿಸುತ್ತಿದೆ ಎಂದು ಹಿರಿಯನಾಗಿ ಹೇಳುವುದು ನನ್ನ ಕರ್ತವ್ಯ.

ಬೋಸ್ಟನ್ ತಂಗಿ: ದೊಡ್ಡಪ್ಪ, ಆ ಕುಲಾವಿಯೇ ಅವರ ವ್ಯಾಪಾರ. ಮೊದಲೆಲ್ಲ ಹಿಮ ಚೆನ್ನಾಗಿ ಬಿದ್ದರೆ ಮಾತ್ರ ಜನ ಬಂದು ಟಿಕೆಟ್ ಕೊಳ್ಳುತ್ತಿದ್ದರು, ಬೀಳದಿದ್ದರೆ ನಷ್ಟವೆಲ್ಲ ಬೆಟ್ಟದ ಒಡೆಯನದಾಗಿತ್ತು. ಈಗ ಹಣ ಮೊದಲೇ ಕೈ ಸೇರುವುದರಿಂದ ಹಿಮ ಕೈಕೊಟ್ಟರೆ ಅದರ ಭಾರ ಕೊಂಡವರ ಹೆಗಲಿಗೆ ಬರುತ್ತದೆ. ಆ ಭಾರ ಹೊತ್ತಿದ್ದಕ್ಕಾಗಿಯೇ ಪಾಸು ಅಗ್ಗ, ಹೊರದವರಿಗೆ ಕೌಂಟರಿನಲ್ಲಿ ದುಬಾರಿ. ವೇಲ್ ಬೆಟ್ಟದಲ್ಲಿ ರಜೆಯ ದಿನಗಳಲ್ಲಿ ಒಂದು ದಿನದ ಲಿಫ್ಟ್ ಟಿಕೆಟ್, ಅಂದರೆ ಮೇಲಕ್ಕೆ ಹತ್ತಿಸುವ ಯಂತ್ರದ ಟಿಕೆಟ್, 300 ಡಾಲರ್ ದಾಟಿದೆ. ಆದರೆ ಈ ಬಾರಿಯ ಎಪಿಕ್ ಪಾಸು ವಸಂತದಲ್ಲಿ 1,051 ಡಾಲರಿಗೆ, ಕೆಲವು ನಿರ್ಬಂಧಗಳಿರುವ ಅದರ ಲೋಕಲ್ ಪಾಸು 783 ಡಾಲರಿಗೆ ಸಿಗುತ್ತಿತ್ತು. ನಾಲ್ಕು ದಿನ ಹೋಗುವವರಿಗೆ ಲೆಕ್ಕ ಅಲ್ಲಿಗೇ ಮುಗಿಯಿತು.

ಲೆಕ್ಕ ಮುಗಿಯಿತು ಎಂದು ಅವಳು ಬರೆದದ್ದೇ ತಡ, ನೆನಪುಗಳ ಗೋಣಿ ಬಿಚ್ಚಿಕೊಂಡಿತು.

ಸಿಯಾಟಲ್ ಅಣ್ಣ: ಬೆಲೆಯ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. 1998ರಲ್ಲಿ ನಾನು ಕೊಲೊರಾಡೊದಲ್ಲಿ ಓದುತ್ತಿದ್ದಾಗ, ನಾಲ್ವರು ಒಟ್ಟಿಗೆ ಬಂದರೆ ತಲೆಗೆ 200 ಡಾಲರಿನಂತೆ ಇಡೀ ಸೀಸನ್ನಿಗೆ ಪಾಸು ಕೊಡುವುದಾಗಿ ವಿಂಟರ್ ಪಾರ್ಕ್ ಬೆಟ್ಟದವರು ಸಾರಿಬಿಟ್ಟರು. ಅದಕ್ಕೆ ಉತ್ತರವಾಗಿ ವೇಲ್‌ನವರೂ ತಮ್ಮ ಬ್ರೆಕೆನ್‌ರಿಜ್, ಕೀಸ್ಟೋನ್ ಬೆಟ್ಟಗಳ ಕಡೆ ಬೆಲೆ ಇಳಿಸಿದರು. ಪಾಸಿಗಿಂತ ನಾಲ್ಕನೆಯ ಮನುಷ್ಯನನ್ನು ಹುಡುಕುವುದೇ ಆಗ ದೊಡ್ಡ ಕೆಲಸವಾಗಿತ್ತು. ದಿನದ ಟಿಕೆಟ್ ಕೊಂಡವರಿಗೆ ಅಂಟಿನ ಕಾಗದ ಕೊಡುತ್ತಿದ್ದರು. ಅದನ್ನು ತಂತಿಯ ಉಂಗುರಕ್ಕೆ ಮಡಚಿ ಜಾಕೆಟ್ಟಿನ ಜಿಪ್ಪಿಗೆ ನೇತುಹಾಕಿಕೊಂಡು, ಚಳಿಗಾಲ ಮುಗಿದರೂ ಹಳೆಯ ಟಿಕೆಟ್‌ಗಳನ್ನು ಕಿತ್ತುಹಾಕದೆ ತಿರುಗುತ್ತಿದ್ದೆವು. ನಮ್ಮ ನಾಲ್ಕನೆಯವನು ಯಾರೆಂದು ಗುಂಪಿನಲ್ಲಿ ಎಲ್ಲರಿಗೂ ಗೊತ್ತಿಲ್ಲದಿರಬಹುದು. ಈಗ ಡೆನ್ವರ್ ಭಾವನೆಂದು ಕರೆಸಿಕೊಳ್ಳುವವನೇ ಅವನು.

ಡೆನ್ವರ್ ಭಾವ: ಆ ದಿನಗಳ ಸೊಗಸೇ ಬೇರೆ.

ಸಿಯಾಟಲ್ ಅಣ್ಣ: ಸೊಗಸು ನಿಜ. ನಿನ್ನ ಪಾಲಿನ 200 ಡಾಲರನ್ನು ನಾನು ಕಟ್ಟಿದ್ದೆ ಎಂಬುದೂ ಅಷ್ಟೇ ನಿಜ.

ಡೆನ್ವರ್ ಭಾವ: ಅದನ್ನು ಮದುವೆಗೆ ಮೊದಲೇ ತೀರಿಸಿದ್ದೇನೆ. ಹಿರಿಯರಿರುವ ಗುಂಪಿನಲ್ಲಿ ಇಂಥ ಆರೋಪಗಳನ್ನು ಮಾಡಬೇಡವೆಂದು ವಿನಂತಿ.

ದೊಡ್ಡಪ್ಪ: ಸಾಲದ ವಿಷಯ ನನಗೆ ಇಂದೇ ತಿಳಿಯಿತು.

ಇಲ್ಲಿಂದ ಮುಂದೆ ಸುಮಾರು ಹೊತ್ತು ಪಾಸಿನ ಮಾತೇ ಇರಲಿಲ್ಲವಾದ್ದರಿಂದ ಆ ಭಾಗವನ್ನು ಬಿಟ್ಟಿದ್ದೇನೆ. ಚರ್ಚೆಯನ್ನು ದಾರಿಗೆ ತಂದವನು ಸಾಲ್ಟ್ ಲೇಕ್ ತಮ್ಮ, ಆದರೆ ಅವನು ತಂದದ್ದು ತನ್ನ ದಾರಿಗೆ.

ಸಾಲ್ಟ್ ಲೇಕ್ ತಮ್ಮ: ಭಾವನವರ ಸಲಹೆಯನ್ನು ನಂಬುವ ಮೊದಲು 2023ರಲ್ಲಿ ಅವರೇ ಇದೇ ಗುಂಪಿನಲ್ಲಿ ಬರೆದದ್ದನ್ನು ಎಲ್ಲರೂ ನೋಡಲಿ ಎಂದು ಹಳೆಯ ಸಂದೇಶದ ಚಿತ್ರವನ್ನು ಹಾಕಿದ್ದೇನೆ. "ಎಲ್ಲರೂ ಐಕಾನ್ ಕೊಳ್ಳಿ, ಜನಜಂಗುಳಿ ತಡೆಯಲಾರದೆ ಅರಾಪಾಹೊ ಬೇಸಿನ್ ಬೆಟ್ಟದವರೇ 2019ರಲ್ಲಿ ಎಪಿಕ್ ಸಹವಾಸ ಬಿಟ್ಟು ಆ ಕಡೆ ಹೋದರು, ಜಾಣರಾದವರು ಅವರ ಹಿಂದೆ ಹೋಗಬೇಕು" ಎಂದು ಬರೆದವರು ಅವರು. ನಂಬಿ ಮನೆಮಂದಿಗೆಲ್ಲ ಕೊಂಡವನು ನಾನು. ಡಿಸೆಂಬರ್‌ನಲ್ಲಿ ಎಲ್ಲರೂ ಸೇರಿದ್ದು ಮಾತ್ರ ಎಪಿಕ್ ಪಾಸಿನ ಬ್ರೆಕೆನ್‌ರಿಜ್‌ನಲ್ಲಿ. ಅಲ್ಲಿ ಐಕಾನ್ ನಡೆಯದ್ದರಿಂದ ನಾವು ಕೌಂಟರಿನಲ್ಲಿ ನಿಂತು ಟಿಕೆಟ್ ಕೊಂಡೆವು.

ಡೆನ್ವರ್ ಭಾವ: ನಾನು ಹೇಳಿದ್ದು ಸಾಮಾನ್ಯ ಅಭಿಪ್ರಾಯ. ಅರಾಪಾಹೊ ಬೇಸಿನ್ ಬಗ್ಗೆ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಎಲ್ಲಿ ಸೇರಬೇಕೆಂದು ತೀರ್ಮಾನಿಸಿದ್ದು ನಿನ್ನ ಅಕ್ಕ. ಐಕಾನ್ ಪಾಸಿನಲ್ಲಿ ನಿನ್ನ ಊರಿನ ಪಕ್ಕದ ಸಾಲಿಟ್ಯೂಡ್ ಬೆಟ್ಟ ಇರುವಾಗ ಅದನ್ನು ಬಳಸದಿದ್ದದ್ದು ನಿನ್ನ ಸೋಮಾರಿತನ.

ಸಾಲ್ಟ್ ಲೇಕ್ ತಮ್ಮ: ಸೋಮಾರಿತನದ ಮಾತನ್ನು 2020ರಲ್ಲಿ ಬಾಡಿಗೆ ಮನೆಯ ಮುಂಗಡವನ್ನು ಇನ್ನೂ ಹಂಚಿಕೊಳ್ಳದವರು ಆಡುತ್ತಿದ್ದಾರೆ.

ಡೆನ್ವರ್ ಭಾವ: 2020ರ ಮಾರ್ಚ್ ಮಧ್ಯದಲ್ಲಿ ವೇಲ್, ಆಲ್ಟೆರಾ ಎರಡೂ ಕಂಪನಿಗಳು ಕೋವಿಡ್ ಕಾರಣಕ್ಕೆ ಬೆಟ್ಟಗಳನ್ನೆಲ್ಲ ಮುಚ್ಚಿದವು. ಹೋಗದ ಪ್ರವಾಸಕ್ಕೆ ಪಾಲು ಕೊಡಬೇಕೆಂಬ ಶಾಸ್ತ್ರ ಎಲ್ಲಿದೆ? ಅಂದು ಪಾಸು ಕೊಂಡಿದ್ದವರ ಗತಿಯನ್ನು ನೋಡಿಯೇ ನಾನು ಕಾಯುವುದನ್ನು ಕಲಿತದ್ದು.

ಬೋಸ್ಟನ್ ತಂಗಿ: ಅದಾದ ಮೇಲೆಯೇ ಎಪಿಕ್ ಪಾಸಿನ ಜೊತೆಗೆ, ಪೆಟ್ಟು, ಕಾಯಿಲೆ, ಕೆಲಸ ಕಳೆದುಕೊಳ್ಳುವುದು, ಬೆಟ್ಟ ಮುಚ್ಚುವುದು ಇಂಥ ಸಂದರ್ಭಗಳಲ್ಲಿ ಹಣ ಹಿಂದಿರುಗಿಸುವ ರಕ್ಷಣೆಯನ್ನು ಪ್ರತ್ಯೇಕ ಶುಲ್ಕವಿಲ್ಲದೆ ಸೇರಿಸಿದರು. ಹಿಮ ಕಡಿಮೆ ಬಿತ್ತೆಂಬ ಒಂದೇ ಕಾರಣಕ್ಕೆ ಅದರಡಿ ಹಣ ಬರುವುದಿಲ್ಲ. ನಾವೀಗ ಮಾತನಾಡಬೇಕಾದದ್ದು ಇದನ್ನು, ಬಾಡಿಗೆ ಮನೆಯನ್ನಲ್ಲ. ಅಂದ ಹಾಗೆ ಭಾವನವರ ಸಂದೇಶದ ಮೂಲ ಸಿಕ್ಕಿದೆ. ಪಾಸು ಇರುವವರ ಸ್ನೇಹಿತರಿಗೆ ದಿನದ ಟಿಕೆಟ್ಟಿನಲ್ಲಿ ಅರ್ಧ ಬೆಲೆಯ ರಿಯಾಯಿತಿ ಕೊಡುವುದಾಗಿ ವೇಲ್ ರೆಸಾರ್ಟ್ಸ್ ಈ ಸೀಸನ್ನಿಗೆ ಪ್ರಕಟಿಸಿದೆ. ಅರ್ಧವಾದದ್ದು ಸ್ನೇಹಿತರ ಟಿಕೆಟ್ಟು, ಪಾಸಲ್ಲ.

ಡೆನ್ವರ್ ಭಾವ: ಅಂದರೆ ಅರ್ಧ ಬೆಲೆ ಎಂಬುದು ನಿಜವೆಂದು ನೀನೇ ಒಪ್ಪಿಕೊಂಡಂತಾಯಿತು.

ಈ ವಾಕ್ಯಕ್ಕೆ ಮೂವರು ಹೆಬ್ಬೆರಳು ಒತ್ತಿದರು. ತಂಗಿಯ ಸಂದೇಶಕ್ಕೆ ಒಬ್ಬರೂ ಒತ್ತಲಿಲ್ಲ. ಗುಂಪಿನಲ್ಲಿ ಸತ್ಯಕ್ಕಿಂತ ಚುರುಕು ಮಾತಿಗೇ ಮರ್ಯಾದೆ ಹೆಚ್ಚೆಂದು ಬೇಸರಿಸಬೇಕಿಲ್ಲ, ಒತ್ತಿದವರಲ್ಲಿ ನಾನೂ ಒಬ್ಬಳು.

ಬೋಸ್ಟನ್ ತಂಗಿ: 300 ಡಾಲರ್ ದಾಟಿದ ಟಿಕೆಟ್ಟಿನ ಅರ್ಧವೂ ಸಣ್ಣ ಮೊತ್ತವಲ್ಲ. ಅದಲ್ಲದೆ ಆ ಟಿಕೆಟ್ ಸಿಗಬೇಕಾದರೆ ಪಾಸು ಇರುವವರು ನಿಮ್ಮನ್ನು ಸ್ನೇಹಿತರೆಂದು ಒಪ್ಪಿಕೊಳ್ಳಬೇಕು.

ಸಾಲ್ಟ್ ಲೇಕ್ ತಮ್ಮ: ನನ್ನ ಬಳಿ ಈ ವರ್ಷ ಪೂರ್ಣ ಎಪಿಕ್ ಪಾಸು ಇದೆ. ಸ್ನೇಹಿತರ ಟಿಕೆಟ್ ಬೇಕಾದವರು ಗುಂಪಿನಲ್ಲಿಯೇ, ಎಲ್ಲರಿಗೂ ಕಾಣುವಂತೆ ನನ್ನನ್ನು ಕೇಳಬಹುದು.

ಡೆನ್ವರ್ ಭಾವ: ಭಾಮೈದನ ಮುಂದೆ ಕೈಯೊಡ್ಡುವ ಪ್ರಮೇಯ ನನಗೆ ಬಂದಿಲ್ಲ. ನನ್ನ ಮನೆಯಲ್ಲಿ ಯಾರಿಗೂ ಪಾಸು ಇಲ್ಲದಿದ್ದರೂ ನಾವು ಸುಖವಾಗಿದ್ದೇವೆ.

ಅಕ್ಕ: ನನಗೂ ಮಕ್ಕಳಿಗೂ ಪಾಸು ಇದೆ. ವಸಂತದಲ್ಲಿಯೇ 49 ಡಾಲರ್ ಮುಂಗಡ ಕೊಟ್ಟು ಬುಕ್ ಮಾಡಿದ್ದೆ, ಉಳಿದದ್ದು ತಾನಾಗಿ ಕಾರ್ಡಿನಿಂದ ಹೋಗಿದೆ. ಕಾರ್ಡಿನ ಬಿಲ್ಲನ್ನು ಇವರು ನೋಡುವುದಿಲ್ಲವೆಂಬುದು ನನಗೆ ಗೊತ್ತಿತ್ತು. ಏಪ್ರಿಲ್‌ನಲ್ಲಿ ಇವರು ಗುಂಪಿನಲ್ಲಿ ಉಪನ್ಯಾಸ ಮಾಡುತ್ತಿದ್ದುದರಿಂದ ಅಡ್ಡಿಪಡಿಸಲಿಲ್ಲ.

ದೊಡ್ಡಪ್ಪ: ಗಂಡ ಹೆಂಡಿರ ನಡುವೆ ಇಷ್ಟು ಗುಟ್ಟು ಒಳ್ಳೆಯದಲ್ಲಮ್ಮ. ಆದರೂ ಮಕ್ಕಳಿಗೆ ಅನುಕೂಲವಾಯಿತೆಂದರೆ ಸಂತೋಷ.

ಡೆನ್ವರ್ ಭಾವ: ದೊಡ್ಡಪ್ಪನವರೇ, ಕುಲಾವಿಯ ಮಾತು ಈಗ ಎಲ್ಲಿ ಹೋಯಿತು?

ಅಕ್ಕ: ನಾನು ಕೊಂಡದ್ದು ಲೋಕಲ್ ಪಾಸು. ಕ್ರಿಸ್‌ಮಸ್ ವಾರದಲ್ಲಿ ಅದು ಪಾರ್ಕ್ ಸಿಟಿ ಬೆಟ್ಟದಲ್ಲಿ ನಡೆಯುವುದಿಲ್ಲ, ಬ್ರೆಕೆನ್‌ರಿಜ್, ಕೀಸ್ಟೋನ್‌ಗಳಲ್ಲಿ ನಡೆಯುತ್ತದೆ. ಆದ್ದರಿಂದ ಡಿಸೆಂಬರ್ 28ರಂದು ಎಲ್ಲರೂ ಬ್ರೆಕೆನ್‌ರಿಜ್‌ಗೆ ಬರುವುದೆಂದು ಇಟ್ಟುಕೊಳ್ಳೋಣ. ಇವರಿಗೆ ಟಿಕೆಟ್ ಕೊಡೋಣವೆಂದರೆ, ನನ್ನ ಪಾಲಿನ ಸ್ನೇಹಿತರ ಟಿಕೆಟ್‌ಗಳನ್ನು ಆಫೀಸಿನ ಗೆಳತಿಯರಿಗೆ ಕೊಡುತ್ತೇನೆಂದು ಆಗಲೇ ಮಾತು ಕೊಟ್ಟುಬಿಟ್ಟಿದ್ದೇನೆ.

ಸಿಯಾಟಲ್ ಅಣ್ಣ: 1998ರಲ್ಲಿಯೂ ಇವನಿಗೆ ಜಾಗ ಕೊಟ್ಟವನು ನಾನು. ಈ ಸಲ ನನ್ನದು ಐಕಾನ್, ಕ್ಷಮೆಯಿರಲಿ.

ಇದಾದ ಮೇಲೆ ಭಾವ ಎರಡು ದಿನ ಗುಂಪಿಗೆ ಬರಲಿಲ್ಲ. ದೊಡ್ಡಪ್ಪ ಕ್ಷಮಾಗುಣದ ಬಗ್ಗೆ ಬರೆದರು. ಮೂರನೆಯ ದಿನ ಭಾವ ಬರೆದದ್ದನ್ನು ಹಾಗೆಯೇ ಕೊಡುತ್ತೇನೆ.

ಡೆನ್ವರ್ ಭಾವ: ಬೋಸ್ಟನ್ ತಂಗಿಯ ಗಮನಕ್ಕೆ. ಇಡೀ ಸೀಸನ್ನಿನ ಬದಲು ಬೇಕಾದಷ್ಟೇ ದಿನ ಕೊಳ್ಳುವ ವ್ಯವಸ್ಥೆ ಇದೆಯೆಂದು ಕೇಳಿದ್ದೇನೆ. ಅದರ ವಿವರವನ್ನು ಆಧಾರ ಸಹಿತ ಕಳುಹಿಸುವುದು.

ಬೋಸ್ಟನ್ ತಂಗಿ: ಭಾವ, ಅದು ಎಪಿಕ್ ಡೇ ಪಾಸು. ಒಂದರಿಂದ ಏಳು ದಿನಗಳವರೆಗೆ ಎಷ್ಟು ಬೇಕೋ ಅಷ್ಟು ಕೊಳ್ಳಬಹುದು. ನಿಮ್ಮಂತೆ ಎರಡು ಮೂರು ದಿನ ಹೋಗುವವರಿಗೆ ಸೀಸನ್ ಪಾಸಿಗಿಂತ ಅದೇ ಸರಿ. ಆದರೆ ಅದರಲ್ಲಿಯೂ ದರ್ಜೆಗಳಿವೆ. ಅಗ್ಗದ್ದರಲ್ಲಿ ವೇಲ್‌ನಂಥ ದೊಡ್ಡ ಬೆಟ್ಟಗಳು ಸೇರುವುದಿಲ್ಲ, ರಜೆಯ ದಿನಗಳು ಬೇಕೆಂದರೆ ಇನ್ನಷ್ಟು ಹಣ ಕೊಡಬೇಕು. ಇದರ ಮಾರಾಟವೂ ಸೀಸನ್ ಪಾಸಿನ ಜೊತೆಗೇ ನಿಲ್ಲುತ್ತದೆ. ಕಂಪನಿಯ ಅಧಿಕೃತ ಪುಟದ ಕೊಂಡಿಯನ್ನು ಕೆಳಗೆ ಹಾಕಿದ್ದೇನೆ, ಕೊಳ್ಳುವ ಮೊದಲು ಪೂರ್ತಿ ಓದಿ.

ಡೆನ್ವರ್ ಭಾವ: ಓದಿದೆ. ಕೊಂಡೂ ಆಯಿತು. ಎಲ್ಲ ಬೆಟ್ಟಗಳೂ ಸೇರಿದ ದರ್ಜೆ, ಎರಡು ದಿನ. ತಾಳಿದ್ದರಿಂದ ನನಗೆ ಬೇಡವಾದ ದಿನಗಳಿಗೆ ಹಣ ಕೊಡುವುದು ತಪ್ಪಿತೆಂಬುದನ್ನು ಎಲ್ಲರೂ ಗಮನಿಸಬೇಕು.

ಅಕ್ಕ: ರೀ, ರಜೆಯ ದಿನಗಳು ಸೇರಿದ್ದನ್ನೇ ಕೊಂಡಿದ್ದೀರಿ ತಾನೆ?

ಡೆನ್ವರ್ ಭಾವ: ಸೇರದ್ದು ಅಗ್ಗವಾಗಿತ್ತು. ಯಾವ ದಿನ ಹೋಗುವುದೆಂದು ನನಗೆ ಯಾರೂ ಮೊದಲೇ ತಿಳಿಸಿರಲಿಲ್ಲ.

ಸಾಲ್ಟ್ ಲೇಕ್ ತಮ್ಮ: ಮೂರು ದಿನದ ಹಿಂದೆ, 28ನೆಯ ತಾರೀಖೆಂದು ಅಕ್ಕ ಬರೆದ ಸಂದೇಶದ ಚಿತ್ರವನ್ನು ಲಗತ್ತಿಸಿದ್ದೇನೆ. ಸ್ನೇಹಿತರ ಟಿಕೆಟ್‌ಗಳು ನನ್ನ ಬಳಿ ಈಗಲೂ ಇವೆ.