ದೇವರು ಪಾಪಕ್ಕೂ ಕರ್ತನೇ? ಯೆಶಾಯ 45:7ನ್ನು ಹೇಗೆ ಓದಬೇಕು?

ವಾಕ್ಯಪ್ರಿಯ:
ಸಭೆಯ ಯುವಜನರ ಬೈಬಲ್ ಅಧ್ಯಯನಕ್ಕೆ ಈ ಸಲ ಯೆಶಾಯ 45 ಬಂದಿದೆ. ಮುಕ್ಕಾಲು ಗಂಟೆ ಸಮಯವಿದೆ. ಏಳನೇ ವಚನದಲ್ಲಿ ಬೆಳಕು ಕತ್ತಲೆಗಳಷ್ಟೇ ಅಲ್ಲ, ಕೇಡೂ ತನ್ನಿಂದಲೇ ಎಂದು ದೇವರು ಹೇಳುತ್ತಾನೆ. ಯಾಕೋಬ 1:13 ನೋಡಿದರೆ, ದೇವರು ಯಾರನ್ನೂ ಕೆಟ್ಟದ್ದಕ್ಕೆ ಎಳೆಯುವುದಿಲ್ಲ ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟುಕೊಳ್ಳುವುದು? "ದೇವರು ಮಾಡುವುದಿಲ್ಲ, ಬರೀ ಅನುಮತಿಸುತ್ತಾನೆ" ಎಂದರೆ ಸಾಕೇ? ನಾನು ಕೇಳುತ್ತಿರುವುದು ಕೊಲೆ, ಮೋಸ, ದ್ರೋಹದಂಥ ನೈತಿಕ ಕೇಡಿನ ಬಗ್ಗೆ. ಭೂಕಂಪ, ರೋಗಗಳ ವಿಷಯ ಸದ್ಯಕ್ಕೆ ಬೇಡ.

ಮೂಲಭಾಷೆ:
ಮೊದಲು ಪದವನ್ನು ಬಿಡಿಸಿಕೊಳ್ಳಿ. ಅಲ್ಲಿರುವ ಹೀಬ್ರೂ ಪದ 'ರಾ'. ಅದರ ಹರವು ನಮ್ಮ 'ಕೇಡು' ಪದದಷ್ಟೇ ಅಗಲ. 'ಕೇಡಿಗ' ಎಂದಾಗ ಮನಸ್ಸಿನ ದುಷ್ಟತನ, 'ಕೇಡುಗಾಲ' ಎಂದಾಗ ಬರೀ ವಿಪತ್ತು. ಎರಡೂ ಅರ್ಥ ಒಂದೇ ವಚನದಲ್ಲಿ ಬೇಕಿದ್ದರೆ ಯೋನ 3:10 ತೆಗೆಯಿರಿ. ನಿನೆವೆಯವರು ಬಿಟ್ಟುಬಿಟ್ಟ ದುರ್ಮಾರ್ಗಕ್ಕೂ, ದೇವರು ಅವರ ಮೇಲೆ ತರುತ್ತೇನೆಂದಿದ್ದ ನಾಶಕ್ಕೂ ಅಲ್ಲಿ ಬಳಸಿರುವುದು 'ರಾಅ' ('ರಾ'ದ ಸ್ತ್ರೀಲಿಂಗ ರೂಪ) ಎಂಬ ಒಂದೇ ಪದ. ದೇವರು ದುಷ್ಟತನ ಮಾಡಲು ಹೊರಟಿದ್ದನೆಂದು ಅದನ್ನು ಯಾರೂ ಓದುವುದಿಲ್ಲ.

ಯೆಶಾಯ 45 ಶುರುವಾಗುವುದು ಪಾರಸಿಯ ಅರಸ ಕೋರೆಷನಿಂದ. ಅವನ ಮುಂದೆ ರಾಜ್ಯಗಳು ಉರುಳುವ, ಕೋಟೆಬಾಗಿಲುಗಳು ತೆರೆದುಕೊಳ್ಳುವ ಮಾತು ಅಲ್ಲಿದೆ. ಬಾಬೆಲ್ ಅವನ ಕೈಸೇರಿದ್ದು ಕ್ರಿ.ಪೂ. 539ರಲ್ಲಿ. ಏಳನೇ ವಚನದಲ್ಲಿ 'ರಾ'ಗೆ ಜೋಡಿಯಾಗಿ ನಿಂತಿರುವ ಪದ 'ಶಾಲೋಮ್', ಅಂದರೆ ಕ್ಷೇಮ. ಕ್ಷೇಮಕ್ಕೆ ಎದುರು ವಿಪತ್ತು, ಪಾಪವಲ್ಲ. 1611ರ ಇಂಗ್ಲಿಷ್ ಅನುವಾದ ದುಷ್ಟತನ ಎಂದೂ ಅರ್ಥ ಬರುವ ಪದ ಹಾಕಿದ್ದರಿಂದ ಈ ಗೊಂದಲ ಇಷ್ಟು ಬೆಳೆಯಿತು. ಊರಿಗೆ ಕೇಡು ಬಂದರೆ ಅದು ಯೆಹೋವನಿಂದಲೇ ಅಲ್ಲವೇ ಎನ್ನುವ ಆಮೋಸ 3:6ನ್ನೂ ಹೀಗೇ ಓದಬೇಕು.

ಸುರುಳಿ:
ಮೇಲಿನ ಉತ್ತರ ಸರಿಯಾದ ದಾರಿಯಲ್ಲೇ ಇದೆ, ಆದರೆ ಒಂದು ತಿದ್ದುಪಡಿ ಬೇಕು. ಮೃತಸಮುದ್ರದ ಬಳಿಯ ಕುಮ್ರಾನ್ ಗುಹೆಯಲ್ಲಿ ಸಿಕ್ಕ ಯೆಶಾಯನ ದೊಡ್ಡ ಸುರುಳಿಯಲ್ಲಿ ಈ ಜಾಗದಲ್ಲಿ 'ಶಾಲೋಮ್' ಇಲ್ಲ, 'ತೋವ್' ಇದೆ, ಅಂದರೆ 'ಒಳ್ಳೆಯದು'. ಆದ್ದರಿಂದ ಇಡೀ ವಾದವನ್ನು ಶಾಲೋಮ್ ಜೋಡಿಯ ಮೇಲೆ ಹೊರಿಸಬೇಡಿ. ಕೋರೆಷನ ಸಂದರ್ಭವೇ ಗಟ್ಟಿ ಆಧಾರ.

ಇನ್ನೂ ಮುಖ್ಯವಾದದ್ದು: ಪದದ ಅರ್ಥ ಸರಿಯಾದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಇಲ್ಲಿ ವಿಪತ್ತು ಎಂದರೆ ಮಳೆ ಕೈಕೊಟ್ಟದ್ದಲ್ಲ. ಸೈನಿಕರು ಕೈಯಾರೆ ಮಾಡುವ ಕೊಲೆ, ಕೊಳ್ಳೆ. ಅಂದರೆ ಮನುಷ್ಯನ ಪಾಪಕ್ಕೇ ವಾಪಸು ಬಂದೆವು. ಅದಕ್ಕೆ ಯೆಶಾಯ 10 ಓದಿ. 5ನೇ ವಚನದಲ್ಲಿ ಅಶ್ಶೂರ ಸಾಮ್ರಾಜ್ಯ ದೇವರ ಕೋಪದ ಕೋಲು. 7ರಲ್ಲಿ ಅಶ್ಶೂರದವನ ಆಲೋಚನೆ ಹಾಗಿಲ್ಲ, ನಾಶಮಾಡುವುದೇ ಅವನ ಮನಸ್ಸು. 12ರಲ್ಲಿ ಅದೇ ಅಹಂಕಾರಕ್ಕೆ ದೇವರು ಅವನನ್ನು ದಂಡಿಸುತ್ತಾನೆ. ಘಟನೆ ಒಂದು, ಉದ್ದೇಶ ಎರಡು. ಆದಿಕಾಂಡ 50:20ರಲ್ಲೂ ಅಷ್ಟೆ: ಯೋಸೇಫನನ್ನು ಮಾರಿಬಿಟ್ಟ ಅಣ್ಣಂದಿರು ಬಗೆದದ್ದಕ್ಕೂ ದೇವರು ಬಗೆದದ್ದಕ್ಕೂ ಹೀಬ್ರೂವಿನಲ್ಲಿ ಒಂದೇ ಕ್ರಿಯಾಪದ. ದೇವರು ಅವರ ಕೆಟ್ಟ ಕೆಲಸವನ್ನು ಆಮೇಲೆ ಒಳ್ಳೆಯದಕ್ಕೆ ಬಳಸಿಕೊಂಡ ಎಂದಷ್ಟೇ ಅಲ್ಲಿಲ್ಲ, ಅವನೂ ಬಗೆದಿದ್ದ ಎಂದಿದೆ.

ಹಳೇಪುಟ:
"ಬರೀ ಅನುಮತಿ" ಬಗ್ಗೆ ಕೇಳಿದ್ದೀರಿ. ಅದು ಸಾಲದು ಎಂದೇ ನನ್ನ ಅಭಿಪ್ರಾಯ. ತಡೆಯುವ ಶಕ್ತಿ ಇದ್ದು, ಆಗುವುದು ಗೊತ್ತಿದ್ದು ಬಿಟ್ಟವನು ಏನೋ ಒಂದನ್ನು ಇಚ್ಛಿಸಿಯೇ ಬಿಟ್ಟಿರುತ್ತಾನೆ.

ಇಲ್ಲಿ ಕೃತ್ಯ ಬೇರೆ, ಅದರೊಳಗಿನ ದೋಷ ಬೇರೆ ಎಂದು ನೋಡಬೇಕು. ಮಧ್ಯಯುಗದ ದೇವಶಾಸ್ತ್ರಜ್ಞ ತೋಮಸ್ ಅಕ್ವೀನಾಸ್ ಕೊಡುವ ಉದಾಹರಣೆ ಕುಂಟು ನಡಿಗೆ. ನಡೆಯುವ ಕಸುವು ದೇಹದ ಚಲನಶಕ್ತಿಯದು, ಕುಂಟುವುದು ಸೊಟ್ಟ ಕಾಲಿನಿಂದ. ಹಾಗೆಯೇ ಕೊಲೆಗಾರನ ತೋಳಿನ ಬಲ, ಉಸಿರು, ಬುದ್ಧಿ ಎಲ್ಲವನ್ನೂ ಆ ಕ್ಷಣದಲ್ಲೂ ಉಳಿಸಿರುವವನು ದೇವರೇ. ಸೊಟ್ಟತನ ಮಾತ್ರ ಕೊಲೆಗಾರನ ಇಚ್ಛೆಯದು. ಶಿಕ್ಷೆಯೆಂಬ ಕೇಡಿಗೆ ದೇವರು ಕಾರಣ, ಅಪರಾಧವೆಂಬ ಕೇಡಿಗೆ ಅಲ್ಲ ಎಂದು ಅಕ್ವೀನಾಸ್ ವಿಂಗಡಿಸುತ್ತಾನೆ.

ಇದರ ಬೇರು ಅವನಿಗಿಂತ ಹಿಂದಿನ ಸಭಾಪಿತೃ ಆಗಸ್ಟೀನನಲ್ಲಿದೆ. ಕೇಡು ಒಂದು ವಸ್ತುವಲ್ಲ, ಇರಬೇಕಾದ ಒಳ್ಳೆಯದರ ಕೊರತೆ. ಪಾಠ ಹೇಳುವವರು ಎಡವುವುದು ಇಲ್ಲೇ: ಕೊರತೆ ಎಂದರೆ 'ಏನೂ ಇಲ್ಲ' ಎಂದು ಕೇಳುವವರಿಗೆ ಅನಿಸಿಬಿಡುತ್ತದೆ. ಕುರುಡು ದೃಷ್ಟಿಯ ಕೊರತೆ, ಆದರೆ ಕಣ್ಣಿಲ್ಲದವನಿಗೆ ಅದು ಸುಳ್ಳಲ್ಲ. ಈ ಉದಾಹರಣೆ ಕೊಟ್ಟೇ ಮುಂದೆ ಹೋಗಿ.

ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಅನುಮತಿಯ ಮಾತನ್ನು ನೇರವಾಗಿ ತಳ್ಳಿಹಾಕಿದ. ಹಾಗಾದರೆ ದೇವರು ಮಲಿನನಾಗುವುದಿಲ್ಲವೇ ಎಂದರೆ, ಬಿಸಿಲಿಗೆ ಹೆಣ ನಾರುತ್ತದೆ, ಬಿಸಿಲೇ ನಾರುತ್ತದೆ ಎಂದು ಯಾರೂ ಹೇಳುವುದಿಲ್ಲ ಎನ್ನುತ್ತಾನೆ. ಇತ್ತ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ 1547ರಲ್ಲಿ, ಪೌಲನ ಕರೆಯಂತೆಯೇ ಯೇಸುವನ್ನು ಹಿಡಿದುಕೊಟ್ಟ ಯೂದನ ದ್ರೋಹವೂ ದೇವರದೇ ಕೆಲಸ ಎನ್ನುವವರನ್ನು ಶಪಿಸಿತು. ಕೆಟ್ಟದ್ದರಲ್ಲಿ ದೇವರದು ಅನುಮತಿ ಮಾತ್ರ ಎಂದು ಅದರ ನಿಲುವು. ಕ್ಯಾಲ್ವಿನನ ಹಾದಿಯವರದೇ ಆದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ಪ್ರಮಾಣವೂ (1646), ನಡೆಯುವುದೆಲ್ಲ ದೇವರ ಸಂಕಲ್ಪ ಎಂದ ಬೆನ್ನಿಗೇ ದೇವರು ಪಾಪದ ಕರ್ತೃ ಅಲ್ಲ ಎಂದು ಬರೆಯಿತು. ಅಷ್ಟು ಜಗಳವಾಡಿದವರೂ ದೇವರೇ ಪಾಪದ ಕರ್ತೃ ಎಂಬ ಒಂದು ಮಾತನ್ನು ಆಡಲು ಒಪ್ಪಲಿಲ್ಲ.

ಎರಡು ಹಾದಿಗೂ ಅದರದೇ ಇಕ್ಕಟ್ಟಿದೆ. ಸಂಕಲ್ಪವೇ ಎಲ್ಲವನ್ನೂ ನಿಶ್ಚಯಿಸುತ್ತದೆ ಎಂದರೆ, ಆದಾಮನ ನೆಟ್ಟಗಿದ್ದ ಕಾಲು ಮೊದಲ ಸಲ ಸೊಟ್ಟಗಾದದ್ದು ಹೇಗೆ? ಮನುಷ್ಯನ ಸ್ವಾತಂತ್ರ್ಯವೇ ಉತ್ತರ ಎಂದು ಸ್ಪೇನಿನ ಜೆಸ್ವಿಟ್ ದೇವಶಾಸ್ತ್ರಜ್ಞ ಮೊಲೀನನ (1588) ಹಾಗೆ ಹೇಳಿದರೆ, ಯಾರು ಯಾವ ಸ್ಥಿತಿಯಲ್ಲಿ ಏನು ಮಾಡುತ್ತಾರೆಂದು ತಿಳಿದೇ ದೇವರು ಈ ಲೋಕವನ್ನು ಆರಿಸಿದನಲ್ಲ? ಆ ಮೊದಲ ಸೊಟ್ಟಿಗೆ ಕಾರಣ ಹುಡುಕುವುದು ಕತ್ತಲೆಯನ್ನು ನೋಡಲು, ಮೌನವನ್ನು ಕೇಳಲು ಹೊರಟ ಹಾಗೆ ಎಂದು ಆಗಸ್ಟೀನ ಹೇಳಿ ನಿಲ್ಲಿಸಿದ. ಅಲ್ಲಿಗೆ ನಿಲ್ಲಿಸುವುದೇ ಪ್ರಾಮಾಣಿಕ ಎಂದು ನನಗನಿಸುತ್ತದೆ.

ಕನ್ನಡದಲ್ಲಿ ಹೇಳುವಾಗ ಇನ್ನೊಂದು ತೊಡಕು: ಯೇಸುವನ್ನು 'ಕರ್ತ' ಎನ್ನುವಾಗ ಒಡೆಯ ಎಂದರ್ಥ, ವ್ಯಾಕರಣದ ಕರ್ತೃ ಮಾಡುವವನು. "ದೇವರು ಎಲ್ಲಕ್ಕೂ ಕರ್ತ" ಎಂದಾಗ ಕೇಳುವವರು ಯಾವುದನ್ನು ಹಿಡಿದರು ಎಂದು ಗಮನಿಸಿ.

ವಾಕ್ಯಪ್ರಿಯ:
ತುಂಬಾ ಉಪಕಾರವಾಯಿತು. ಐಗುಪ್ತದ ಅರಸ ಫರೋಹನ ವಿಷಯ ಖಂಡಿತ ಯಾರಾದರೂ ಎತ್ತುತ್ತಾರೆ. ದೇವರೇ ಹೃದಯ ಕಠಿಣ ಮಾಡಿದನಲ್ಲ?

ಸುರುಳಿ:
ವಿಮೋಚನಕಾಂಡವನ್ನು ಕ್ರಮವಾಗಿ ಓದಿಸಿ. 8:15, 8:32ರಲ್ಲಿ ಫರೋಹನೇ ತನ್ನ ಹೃದಯ ಮೊಂಡು ಮಾಡಿಕೊಳ್ಳುತ್ತಾನೆ. ದೇವರು ಐಗುಪ್ತದ ಮೇಲೆ ತಂದ ಉಪದ್ರವಗಳ ನಡುವೆ ಯೆಹೋವನೇ ಕಠಿಣಪಡಿಸಿದನೆಂದು ಮೊದಲು ಬರುವುದು ಆರನೆಯದಾದ ಹುಣ್ಣುಗಳ ಹೊತ್ತಿಗೆ, 9:12ರಲ್ಲಿ. ಅಲ್ಲಿಯ ಕ್ರಿಯಾಪದದ ಮೂಲಾರ್ಥ 'ಗಟ್ಟಿ ಮಾಡು'. ಇದ್ದ ಮೊಂಡುತನವನ್ನೇ ಗಟ್ಟಿ ಮಾಡಿದ ಎಂದು ಓದಲು ಜಾಗವಿದೆ. ಆದರೆ ಇದನ್ನು ಪೂರ್ಣ ಉತ್ತರ ಎನ್ನಬೇಡಿ. 4:21ರಲ್ಲಿ, ಒಂದೂ ಉಪದ್ರವ ಬರುವ ಮೊದಲೇ, ಹೃದಯ ಕಠಿಣಪಡಿಸುವೆನೆಂದು ದೇವರು ಹೇಳಿರುತ್ತಾನೆ. ಓದಿಕೊಂಡು ಬಂದ ಒಬ್ಬರಾದರೂ ಅದನ್ನು ಕೇಳಿಯೇ ಕೇಳುತ್ತಾರೆ.

ದಾವೀದನ ಜನಗಣತಿಯನ್ನೂ ಇಟ್ಟುಕೊಳ್ಳಿ. 2 ಸಮುವೇಲ 24:1 ಯೆಹೋವನ ಕೋಪ ಪ್ರೇರೇಪಿಸಿತು ಎನ್ನುತ್ತದೆ, 1 ಪೂರ್ವಕಾಲವೃತ್ತಾಂತ 21:1 ಸೈತಾನ ಎನ್ನುತ್ತದೆ. ದಾವೀದನಾದರೋ ಇಬ್ಬರ ಮೇಲೂ ಹಾಕದೆ ನಾನೇ ಪಾಪ ಮಾಡಿದೆ ಎನ್ನುತ್ತಾನೆ (2 ಸಮುವೇಲ 24:10).

ಯೋಸೇಫನ ವಚನ ಬಳಸುವಾಗ ಎಚ್ಚರ. ಆ ಮಾತು ಆಡಿದವನು ಅನ್ಯಾಯ ಅನುಭವಿಸಿದವನೇ, ಅದೂ ಎಷ್ಟೋ ವರ್ಷಗಳ ಮೇಲೆ. ಗುಂಡಿಯಲ್ಲಿದ್ದಾಗ ಅವನಿಗೆ ಯಾರೂ ಅದನ್ನು ಹೇಳಲಿಲ್ಲ. ಕೂತವರಲ್ಲಿ ಅಂಥ ನೋವುಂಡವರು ಇರಬಹುದು.

ಮುಕ್ಕಾಲು ಗಂಟೆಗೆ ಯೆಶಾಯ 10, ಆದಿಕಾಂಡ 50:20, ಆಮೇಲೆ 45:7 ಸಾಕು. 45:7ರಿಂದ ಶುರುಮಾಡಿದರೆ ಪದದ ಚರ್ಚೆಯಲ್ಲೇ ಹೊತ್ತು ಹೋಗುತ್ತದೆ. ಯಾಕೋಬ 1:13ನ್ನು ಕೊನೆಗೆ ಇಡಿ, 14ನೇ ವಚನವನ್ನು ಬಿಡದೆ ಓದಿಸಿ; ಒಬ್ಬೊಬ್ಬನನ್ನು ಎಳೆಯುವುದು ಅವನವನದೇ ಆಸೆ ಎಂದು ಇರುವುದು ಅಲ್ಲಿ.