ಅಪ್‌ಡೇಟ್: ಧನುಷ್ಕೋಡಿ ಸ್ಟೇಷನ್ ನೋಡಿ ಬಂದೆ

ಚಿಕ್ಕವಳಿದ್ದಾಗ ಮದ್ರಾಸಿನಿಂದ ಕೊಲಂಬೊಗೆ ಒಂದೇ ಟಿಕೆಟ್‌ನಲ್ಲಿ ಹೋಗಿದ್ದೆ ಅಂತ ನಮ್ಮಜ್ಜಿ ಹೇಳುತ್ತಾರೆ, ಅದು ನಿಜವಾ, ರಾಮೇಶ್ವರ ದ್ವೀಪದ ತುದಿಯಲ್ಲಿದ್ದ ಆ ಧನುಷ್ಕೋಡಿ ಸ್ಟೇಷನ್ ಏನಾಯಿತು ಅಂತ ಕೇಳಿದ್ದೆನಲ್ಲ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ ಹೇಳಿದ್ದು ಪೂರ್ತಿ ನಿಜ.

1914ರಲ್ಲಿ ದ್ವೀಪಕ್ಕೆ ಸಮುದ್ರದ ಮೇಲೆ ಪಾಂಬನ್ ರೈಲು ಸೇತುವೆ ಆದ ಮೇಲೆ ಮದ್ರಾಸಿನ ಬೋಟ್ ಮೇಲ್ ರೈಲು ಧನುಷ್ಕೋಡಿಗೇ ಬರುತ್ತಿತ್ತು. ಅಲ್ಲಿ ಸ್ಟೀಮರ್ ಹತ್ತಿ ಸುಮಾರು 35 ಕಿ.ಮೀ. ಸಮುದ್ರ ದಾಟಿದರೆ ಶ್ರೀಲಂಕಾದ ತಲೈಮನ್ನಾರ್. ಅಲ್ಲಿಂದ ಕೊಲಂಬೊಗೆ ಮತ್ತೆ ರೈಲು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಪಾಂಬನ್‌ನಿಂದ ಹೊರಟಿದ್ದ 653ನೇ ನಂಬರ್ ಪ್ಯಾಸೆಂಜರ್ ರೈಲು ಊರು ಮುಟ್ಟುವ ಮುಂಚೆಯೇ ಅಲೆಗೆ ಸಿಕ್ಕಿತು. ಅದರಲ್ಲಿದ್ದ ನೂರಕ್ಕೂ ಜಾಸ್ತಿ ಜನ ಹೋದರು. ಓದುವಾಗ ಎದೆ ಝಲ್ಲೆಂದಿತು. ಆ ಚಂಡಮಾರುತಕ್ಕೆ ಮುರಿದ ಪಾಂಬನ್ ಸೇತುವೆಯನ್ನು ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ 46 ದಿನದಲ್ಲಿ ಸರಿ ಮಾಡಿಸಿದರು. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದವರೂ ಅವರೇ. ಆದರೆ ಧನುಷ್ಕೋಡಿಗೆ ಮತ್ತೆ ಹಳಿ ಹಾಕಲೇ ಇಲ್ಲ. ರೈಲು ರಾಮೇಶ್ವರಕ್ಕೇ ನಿಂತಿತು.

ಕಳೆದ ವಾರ ಹೋಗಿದ್ದೆ. ಸ್ಟೇಷನ್ನಿನ ಒಡೆದ ಗೋಡೆ, ನೀರಿನ ಟ್ಯಾಂಕಿನ ಕಂಬಗಳು ಇನ್ನೂ ನಿಂತಿವೆ. ಗೋಡೆ ಮುಟ್ಟಿದರೆ ಉಪ್ಪು ಹಿಡಿದ ಗಾರೆ ಪುಡಿಪುಡಿಯಾಗಿ ಬೆರಳಿಗೆ ಅಂಟುತ್ತದೆ. ಸುಮ್ನೆ ಅಲ್ಲೇ ತುಂಬ ಹೊತ್ತು ಕೂತಿದ್ದೆ.

ಫೋಟೋ ಅಜ್ಜಿಗೆ ತೋರಿಸಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಮತ್ತೆ ನೋಡಿದರು. "ಇಲ್ಲೇ ಕಣೋ, ನಮ್ಮಪ್ಪ ಟ್ರಂಕಿನ ಮೇಲೆ ನನ್ನನ್ನ ಕೂರಿಸಿದ್ದು" ಅಂದರು.