ಎರಡು ಲಾ ಸ್ಕೂಲು, ಎರಡೂ ಕಡೆ ಫುಲ್ ಸ್ಕಾಲರ್‌ಶಿಪ್: ಯಾವುದಕ್ಕೆ ಹೂಂ ಅನ್ನಲಿ?

ಪ್ರಶ್ನೆ

ನಮಸ್ಕಾರ. ಅಮೆರಿಕದಲ್ಲಿ ಜೆಡಿ (ವಕೀಲರಾಗೋಕೆ ಓದೋ ಮೂರು ವರ್ಷದ ಕಾನೂನು ಪದವಿ) ಓದಿದವರು ಇಲ್ಲಿದ್ದರೆ ದಯವಿಟ್ಟು ಹೇಳಿ, ಡಿಪಾಸಿಟ್ ಕಟ್ಟೋ ದಿನ ಹತ್ತಿರ ಬಂತು.

ಎರಡು ಕಡೆ ಸೀಟು ಸಿಕ್ಕಿದೆ, ಎರಡೂ ಕಡೆ ಮೂರು ವರ್ಷದ ಟ್ಯೂಷನ್ ಪೂರ್ತಿ ಮಾಫಿ. ಒಂದು ಬಾಸ್ಟನ್‌ನ ಖಾಸಗಿ ಸ್ಕೂಲು, ರ‍್ಯಾಂಕಿಂಗ್‌ನಲ್ಲಿ ಸಾಕಷ್ಟು ಮೇಲಿದೆ. ಇನ್ನೊಂದು ಒಹಾಯೋದ ಸರ್ಕಾರಿ ಸ್ಕೂಲು, ನಾನಿರೋದೂ ಅದೇ ರಾಜ್ಯದಲ್ಲಿ. ಓದು ಮುಗಿದ ಮೇಲೆ ಇಲ್ಲೇ ಪಬ್ಲಿಕ್ ಡಿಫೆಂಡರ್ ಆಗಬೇಕು ಅನ್ನೋದು ನನ್ನ ಆಸೆ, ವಕೀಲರಿಗೆ ದುಡ್ಡು ಕೊಡೋಕೆ ಆಗದವರ ಪರ ಕೋರ್ಟಿನಲ್ಲಿ ನಿಲ್ಲೋ ಕೆಲಸ. ಬಾಸ್ಟನ್‌ನವರ ಪತ್ರದಲ್ಲಿ ಸ್ಕಾಲರ್‌ಶಿಪ್ ಮುಂದುವರಿಯೋಕೆ ಜಿಪಿಎ (ಸರಾಸರಿ ಗ್ರೇಡು) 3.0 ಉಳಿಸಿಕೊಳ್ಳಬೇಕು ಅಂತಿದೆ. ಒಹಾಯೋದವರು ‘ಗುಡ್ ಸ್ಟ್ಯಾಂಡಿಂಗ್’, ಅಂದ್ರೆ ಓದು ಮುಂದುವರಿಸೋಕೆ ಬೇಕಾದ ಕನಿಷ್ಠ ಮಟ್ಟ, ಇದ್ದರೆ ಸಾಕು ಅಂದಿದ್ದಾರೆ. ಡಿಗ್ರಿಯಲ್ಲಿ ನನಗೆ 3.8 ಬಂದಿತ್ತು, ಹಾಗಾಗಿ 3.0 ದೊಡ್ಡ ವಿಷಯ ಅನ್ನಿಸಲಿಲ್ಲ. ಮನೆಯಲ್ಲಿ ಎಲ್ಲರೂ ದೊಡ್ಡ ಹೆಸರಿನ ಕಡೆಗೇ ಹೋಗು ಅಂತಿದ್ದಾರೆ. ನೀವಾಗಿದ್ದರೆ ಏನು ಮಾಡ್ತಿದ್ರಿ?

ಉತ್ತರ 1

ಆ 3.0 ಅನ್ನೋ ಸಾಲೇ ಇಲ್ಲಿ ಎಲ್ಲಕ್ಕಿಂತ ದೊಡ್ಡ ವಿಷಯ, ದಯವಿಟ್ಟು ಅದನ್ನು ಹಗುರವಾಗಿ ತಗೋಬೇಡಿ. ಡಿಗ್ರಿಯ 3.8ಕ್ಕೂ ಲಾ ಸ್ಕೂಲಿನ 3.0ಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಮೊದಲ ವರ್ಷದ ಗ್ರೇಡು ಕರ್ವ್ ಮೇಲೆ ನಡೆಯುತ್ತೆ: ನೀವು ಎಷ್ಟು ಚೆನ್ನಾಗಿ ಬರೆದಿರಿ ಅನ್ನೋದಲ್ಲ, ಪಕ್ಕದಲ್ಲಿ ಕೂತವರಿಗಿಂತ ಎಷ್ಟು ಚೆನ್ನಾಗಿ ಬರೆದಿರಿ ಅನ್ನೋದು ಲೆಕ್ಕ. ಅದೂ ಬಹಳ ವಿಷಯಗಳಲ್ಲಿ ಸೆಮಿಸ್ಟರ್ ಕೊನೆಯ ಒಂದೇ ಪರೀಕ್ಷೆ ಮೇಲೆ. ಕ್ಲಾಸಿನ ಮಧ್ಯದ ಗ್ರೇಡು 3.3ಕ್ಕೆ ನಿಗದಿಯಾಗಿದ್ದರೆ 3.0 ಉಳಿಸಿಕೊಳ್ಳೋದು ಅಷ್ಟು ಕಷ್ಟ ಅಲ್ಲ. ಅದೇ ಮಧ್ಯದ ಗ್ರೇಡು 2.9 ಆಗಿದ್ದರೆ? ಅರ್ಧ ಕ್ಲಾಸು 3.0ಕ್ಕಿಂತ ಕೆಳಗೇ ಬೀಳುತ್ತೆ, ಎಲ್ಲರೂ ರಾತ್ರಿ ಎರಡರವರೆಗೆ ಓದಿದರೂ ಬೀಳುತ್ತೆ.

ಇದನ್ನು ಊಹೆ ಮಾಡೋ ಅಗತ್ಯ ಇಲ್ಲ. ಅಮೆರಿಕನ್ ಬಾರ್ ಅಸೋಸಿಯೇಷನ್ (ಅಲ್ಲಿನ ವಕೀಲರ ಸಂಘ) ಮಾನ್ಯತೆ ಇರೋ ಪ್ರತಿ ಸ್ಕೂಲೂ ವರ್ಷಕ್ಕೊಮ್ಮೆ ‘509 ವರದಿ’ ಪ್ರಕಟಿಸಲೇಬೇಕು. ಅದರಲ್ಲಿ ಷರತ್ತಿನ ಸ್ಕಾಲರ್‌ಶಿಪ್‌ಗೆ ಅಂತಲೇ ಒಂದು ಚಿಕ್ಕ ಪಟ್ಟಿ ಇರುತ್ತೆ. ಒಂದು ಕಡೆ ಷರತ್ತಿನ ಮೇಲೆ ಸೇರಿದವರ ಸಂಖ್ಯೆ, ಪಕ್ಕದಲ್ಲೇ ಅವರಲ್ಲಿ ಎಷ್ಟು ಜನರ ಹಣ ಕಡಿತವಾಯ್ತು ಅಥವಾ ಪೂರ್ತಿ ಹೋಯ್ತು ಅನ್ನೋ ಸಂಖ್ಯೆ. ಮೊದಲು ಅದನ್ನು ತೆಗೆದು ನೋಡಿ.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ನಾನು ದುಡ್ಡಿನ ಮಾತು ಸೇರಿಸ್ತೀನಿ, ಯಾಕಂದ್ರೆ ಫುಲ್ ಸ್ಕಾಲರ್‌ಶಿಪ್ ಅಂದ ತಕ್ಷಣ ಎಲ್ಲ ಫ್ರೀ ಅಂತ ಜನ ಅಂದ್ಕೊಳ್ತಾರೆ. ಟ್ಯೂಷನ್ ಮಾತ್ರ ಮಾಫಿ. ಬಾಡಿಗೆ, ಊಟ, ಹೆಲ್ತ್ ಇನ್ಶೂರೆನ್ಸು, ಕೊನೆಗೆ ವಕೀಲಿಕೆ ಲೈಸೆನ್ಸಿಗೆ ಬರೆಯೋ ಬಾರ್ ಪರೀಕ್ಷೆಯ ಕೋಚಿಂಗು, ಎಲ್ಲ ನಿಮ್ಮದೇ. ಬಾಸ್ಟನ್ ಬಾಡಿಗೆ ಮುಂದೆ ಒಹಾಯೋ ಬಾಡಿಗೆ ಏನೂ ಅಲ್ಲ. ಒಂದು ವೇಳೆ ಖರ್ಚಿಗೂ ಸ್ಟೈಪೆಂಡ್ ಕೊಟ್ಟರೆ, ಆ ಭಾಗಕ್ಕೆ ಆದಾಯ ತೆರಿಗೆ ಲೆಕ್ಕ ಬರುತ್ತೆ, ಟ್ಯೂಷನ್ ಭಾಗಕ್ಕೆ ಬರಲ್ಲ.

ಇನ್ನೊಂದು. 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಸಾಲ (ಡಿಗ್ರಿ ಆದಮೇಲಿನ ಓದಿಗೆ ಪೂರ್ತಿ ಖರ್ಚಿನವರೆಗೂ ಸಿಗ್ತಿದ್ದ ಫೆಡರಲ್ ಸಾಲ) ನಿಂತಿದೆ. ಕಾನೂನು ಓದುವವರಿಗೆ ಫೆಡರಲ್ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಮೊದಲ ವರ್ಷ ಮುಗಿದ ಮೇಲೆ ಬಾಸ್ಟನ್‌ನಲ್ಲಿ ಸ್ಕಾಲರ್‌ಶಿಪ್ ಕೈ ತಪ್ಪಿತು ಅಂದ್ಕೊಳ್ಳಿ. ಅಲ್ಲಿನ ಖಾಸಗಿ ಸ್ಕೂಲುಗಳಲ್ಲಿ ಸಾಮಾನ್ಯವಾಗಿ ಟ್ಯೂಷನ್ ಒಂದೇ ಆ ಮಿತಿ ದಾಟುತ್ತೆ. ಮಿಕ್ಕಿದ್ದಕ್ಕೆ ಖಾಸಗಿ ಸಾಲವೇ ಗತಿ. ಡಿಫೆಂಡರ್ ಸಂಬಳದಲ್ಲಿ ಅದನ್ನು ತೀರಿಸೋದು ಹೇಗೆ, ಈಗಲೇ ಲೆಕ್ಕ ಹಾಕಿ.

ಉತ್ತರ 3

ನಾನು ಈ ಕೆಲಸದಲ್ಲೇ ಇದ್ದೀನಿ, ಬೇರೆ ರಾಜ್ಯದಲ್ಲಿ. ನನ್ನ ಇಂಟರ್‌ವ್ಯೂನಲ್ಲಿ ಸ್ಕೂಲಿನ ರ‍್ಯಾಂಕು ಯಾರೂ ಕೇಳಲಿಲ್ಲ. ಎದುರಿಗಿದ್ದ ಮೇಡಂ ರೆಸ್ಯೂಮೆಯ ಎರಡನೇ ಪುಟ ತಿರುಗಿಸಿ, ‘ಕ್ರಿಮಿನಲ್ ಡಿಫೆನ್ಸ್ ಕ್ಲಿನಿಕ್’ (ವಿದ್ಯಾರ್ಥಿಗಳೇ ಮೇಲ್ವಿಚಾರಣೆಯಲ್ಲಿ ನಿಜವಾದ ಕೇಸು ನಡೆಸೋ ಕೋರ್ಸು) ಅನ್ನೋ ಸಾಲಿನ ಮೇಲೆ ಪೆನ್ನಿಟ್ಟು, ಜಡ್ಜ್ ಮುಂದೆ ನೀವೇ ಎದ್ದು ಮಾತಾಡಿದ ಒಂದು ಕೇಸು ಹೇಳಿ ಅಂದರು. ಆಮೇಲೆ ಒಂದು ಕಾಲ್ಪನಿಕ ಕೇಸು ಕೊಟ್ಟು, ಕಕ್ಷಿದಾರರು ಜೈಲಿನಲ್ಲಿದ್ದಾರೆ, ಜಾಮೀನಿಗೆ ಈಗಲೇ ವಾದಿಸಿ ಅಂದರು. ಅರ್ಧ ಗಂಟೆ ಅದೇ ನಡೀತು.

ನ್ಯೂಯಾರ್ಕಿನ ದೊಡ್ಡ ಫರ್ಮು ಅಥವಾ ಫೆಡರಲ್ ಜಡ್ಜ್ ಹತ್ತಿರ ಕ್ಲರ್ಕ್‌ಶಿಪ್ (ಕಾನೂನು ಸಹಾಯಕರ ಕೆಲಸ) ಬೇಕು ಅಂದಿದ್ದರೆ ನಾನೂ ಬಾಸ್ಟನ್ ಅಂತಿದ್ದೆ, ಅಲ್ಲಿ ಹೆಸರು ನಡೆಯುತ್ತೆ. ನಿಮಗೆ ಬೇಕಿರೋದು ಒಹಾಯೋ ಕೋರ್ಟು. ಅಲ್ಲಿನ ಡಿಫೆಂಡರ್ ಆಫೀಸಲ್ಲಿ ಎರಡು ಬೇಸಿಗೆ ಕೆಲಸ ಮಾಡಿ, ನಿಮ್ಮ ಮುಖ ಅವರಿಗೆ ಪರಿಚಯ ಆಗಿರಬೇಕು. ಎರಡೂ ಸ್ಕೂಲಿನ ಉದ್ಯೋಗ ವರದಿ ನೋಡಿ, ಪಾಸಾದ ಮುಂದಿನ ವರ್ಷದ ಮಾರ್ಚ್ ಮಧ್ಯದ ಲೆಕ್ಕ ಅದರಲ್ಲಿರುತ್ತೆ. ಜಾಸ್ತಿ ಜನ ಯಾವ ರಾಜ್ಯಗಳಿಗೆ ಹೋದರು, ವಕೀಲಿಕೆಯ ಪೂರ್ಣಾವಧಿ ಕೆಲಸ ಎಷ್ಟು, ಸ್ಕೂಲೇ ಸಂಬಳ ಕೊಟ್ಟು ಇಟ್ಟುಕೊಂಡ ಕೆಲಸ ಎಷ್ಟು, ಎಲ್ಲ ಬೇರೆ ಬೇರೆ ಕೊಟ್ಟಿರ್ತಾರೆ. ಸುಮ್ನೆ ಒಟ್ಟು ಶೇಕಡಾವಾರು ನೋಡಿ ಮೋಸ ಹೋಗಬೇಡಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. 509 ವರದಿ ನೋಡಿದೆ, ಸ್ಕಾಲರ್‌ಶಿಪ್ ಕಳೆದುಕೊಂಡವರು ಕಡಿಮೆ ಏನಿಲ್ಲ. ಎರಡು ವಿಷಯ ಕೇಳಬೇಕು. ಬಾಸ್ಟನ್‌ನಲ್ಲಿ ಓದಿದರೆ ಒಹಾಯೋ ಬಾರ್ ಪರೀಕ್ಷೆಗೆ ತೊಂದರೆ ಆಗುತ್ತಾ? ಮತ್ತೆ, ಆ ಷರತ್ತು ತೆಗೀರಿ ಅಂತ ಕೇಳಬಹುದಾ, ಅವರು ಬೇಜಾರಾಗಿ ಸೀಟೇ ವಾಪಸ್ ತಗೊಂಡರೆ?

ಉತ್ತರ 1

ಬಾರ್ ಪರೀಕ್ಷೆ ಬಗ್ಗೆ ಚಿಂತೆ ಬೇಡ. ಮಾನ್ಯತೆ ಇರೋ ಯಾವ ಸ್ಕೂಲಿನಿಂದ ಬಂದರೂ ಒಹಾಯೋದಲ್ಲಿ ಬರೀಬಹುದು. ಅಲ್ಲಿ 2021ರಿಂದ ಯೂನಿಫಾರ್ಮ್ ಬಾರ್ ಎಕ್ಸಾಂ (ಹಲವು ರಾಜ್ಯಗಳಿಗೆ ಒಂದೇ ಪರೀಕ್ಷೆ) ಬಂದಿದೆ, ಮ್ಯಾಸಚೂಸೆಟ್ಸ್‌ನಲ್ಲಿ ಅದಕ್ಕೂ ಮೊದಲೇ ಬಂತು.

ಷರತ್ತು ತೆಗೀರಿ ಅಂತ ಖಂಡಿತ ಕೇಳಿ. ಮರ್ಯಾದೆಯಿಂದ ಕೇಳಿದ್ದಕ್ಕೆ ಸೀಟು ಕಿತ್ತುಕೊಂಡಿದ್ದನ್ನು ನಾನಂತೂ ಕೇಳಿಲ್ಲ. ಇನ್ನೊಂದು ಸ್ಕೂಲು ಷರತ್ತಿಲ್ಲದೆ ಕೊಟ್ಟಿದೆ ಅಂತ ಬರೆದು ಆ ಪತ್ರ ಲಗತ್ತಿಸಿ. ಕರ್ವ್ ಎಷ್ಟಕ್ಕಿದೆ ಅಂತಲೂ ಅದೇ ಮೇಲ್‌ನಲ್ಲಿ ಕೇಳಿ. ಫೋನಲ್ಲಿ ಆಗಲಿ ನೋಡೋಣ ಅಂದರೆ ನಂಬಬೇಡಿ, ಬರಹದಲ್ಲಿ ಬರಲಿ. ಷರತ್ತು ತೆಗೆದರೂ ನನ್ನ ಓಟು ಒಹಾಯೋಗೇ, ಉತ್ತರ 3ರವರು ಹೇಳಿದ ಕಾರಣಕ್ಕೆ. ತೆಗೆಯಲಿಲ್ಲ ಅಂದರೆ ಯೋಚನೆ ಮಾಡೋದೇ ಬೇಡ, ಡಿಪಾಸಿಟ್ ಒಹಾಯೋದಲ್ಲೇ ಕಟ್ಟಿ.